ಬಿಸುವಿಗೆ ಅಂಗಿ, ಜಾವಾದಲ್ಲಿ ಮಳೆ

(ಉಡುಪಿಯಲ್ಲಿ ಒಂದು ಭಾನುವಾರ ಸಂಜೆ ಟೈಲರ್‌ಗಳು, ಫ್ಯಾಷನ್ ಡಿಸೈನ್ ಓದುವ ವಿದ್ಯಾರ್ಥಿಗಳು ಮತ್ತು ಕೆಲವು ಕೈಮಗ್ಗ ನೇಕಾರರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ, ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪ್ರೊಜೆಕ್ಟರ್ ಬಂದ್ ಮಾಡಲು ಹೇಳಿದ್ದು ನಾನೇ. ಇವತ್ತು ಫೋಟೋ ತೋರಿಸುವುದಿಲ್ಲ. ಸಣ್ಣ ಬಟ್ಟೆ ಬ್ರಾಂಡ್‌ನವರು ಕೆಲಸಗಾರರನ್ನು ನೋಡಿ ಬಂದು ತೋರಿಸುವ ಫೋಟೋ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಉಂಟು. ಅಜ್ಜಿಯೊಬ್ಬರ ಸುಕ್ಕುಗಟ್ಟಿದ ಕೈ, ಅದರಲ್ಲೊಂದು ಹಳೆಯ ಉಪಕರಣ, ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲು. ಕೈ ಚೆಂದ ಕಾಣುತ್ತದೆ. ಆ ಕೈಗೆ ದುಡ್ಡು ಎಷ್ಟು ಸಿಗುತ್ತದೆ, ಯಾವಾಗ ಸಿಗುತ್ತದೆ ಎಂಬುದು ಕಾಣುವುದಿಲ್ಲ. ನಾನು ಮಾತಾಡಬೇಕೆಂದು ಬಂದದ್ದು ಅದರ ಬಗ್ಗೆ.

ನಮ್ಮದು ಮಂಗಳೂರಿನ ಒಂದು ಪುಟ್ಟ ಬ್ರಾಂಡ್. ಗಂಡಸರ ಅಂಗಿ, ಹೆಂಗಸರ ಕುರ್ತಾ, ಅಷ್ಟೇ. ಬಟ್ಟೆ ಬಾಟಿಕ್, ಅಂದರೆ ಮೇಣದಲ್ಲಿ ಚಿತ್ರ ಬರೆದು ಬಣ್ಣ ಹಾಕಿದ್ದು. ಬಣ್ಣ ಹಾಕುವುದೂ ಹೊಲಿಯುವುದೂ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ, ಪೆಕಲೋಂಗನ್ ಎಂಬ ಊರಿನಲ್ಲಿ. ಜಕಾರ್ತದಿಂದ ಸೆಮರಾಂಗ್ ಕಡೆಗೆ ಹೋಗುವ ರೈಲು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ. ಜಾವಾದ ಉತ್ತರ ಕರಾವಳಿ. ಸೆಕೆ ನಮ್ಮ ಊರಿನದ್ದೇ. ಅಲ್ಲಿನ ಹೆಸರುವಾಸಿ ಊಟ ನಾಸಿ ಮೆಗೊನೊ. ಅನ್ನದ ಮೇಲೆ ಎಳೆ ಹಲಸಿನಕಾಯಿಯನ್ನು ಸಣ್ಣಗೆ ಕೊಚ್ಚಿ, ತೆಂಗಿನ ತುರಿ ಮಸಾಲೆ ಹಾಕಿ ಬಡಿಸುತ್ತಾರೆ. ನಮ್ಮ ಗುಜ್ಜೆ ಪಲ್ಯವೇ ಮಾರಾಯ್ರೆ! ಊಟದ ಚಿಂತೆ ಅಲ್ಲಿಗೇ ಮುಗಿಯಿತು.

ಇಂಡೋನೇಷ್ಯಾದ ಬಾಟಿಕ್ 2009ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿತು. ಪೆಕಲೋಂಗನ್ ಊರಿಗೆ 2014ರಲ್ಲಿ ಯುನೆಸ್ಕೊದ ಸೃಜನಶೀಲ ನಗರ ಎಂಬ ಹೆಸರೂ ಬಂತು. ಕೌಮನ್, ಪೆಸಿಂದೊನ್ ಮೊದಲಾದ ಕೇರಿಗಳಲ್ಲಿ ನಡೆದರೆ ಮನೆಯ ಹಿಂದೆ ಮನೆ, ಅದರ ಹಿಂದೆ ವರ್ಕ್‌ಶಾಪ್. ಮೂಗಿಗೆ ಮೇಣದ ಹೊಗೆ ಬಡಿಯುತ್ತದೆ.

ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮುಂದೆ ಹೇಳುವ ದುಡ್ಡಿನ ಲೆಕ್ಕಕ್ಕೆ ಇದು ಬೇಕು. ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ರ ಬರೆಯುತ್ತಾರೆ. ಮೇಣ ಕೂತ ಕಡೆ ಬಣ್ಣ ಹಿಡಿಯುವುದಿಲ್ಲ. ಬಣ್ಣದಲ್ಲಿ ಅದ್ದಿ, ಒಣಗಿಸಿ, ಕೊನೆಗೆ ಸೋಡಾ ಹಾಕಿದ ನೀರಲ್ಲಿ ಕುದಿಸಿ ಮೇಣ ತೆಗೆಯುತ್ತಾರೆ. ಮೇಲೆ ತೇಲಿ ಬಂದ ಮೇಣವನ್ನು ಸೋಸಿ ಮತ್ತೆ ಬಳಸುತ್ತಾರೆ. ಒಂದೇ ಬಣ್ಣವಾದರೆ ಇಷ್ಟೇ. ಇನ್ನೊಂದು ಬಣ್ಣ ಬೇಕಾದರೆ ಮತ್ತೆ ಮೇಣ, ಮತ್ತೆ ಅದ್ದುವುದು, ಮತ್ತೆ ಒಣಗಿಸುವುದು. ಅಂಗಡಿಯಲ್ಲಿ ನೀವು ಒಂದು ಅಂಗಿಯಲ್ಲಿ ಮೂರು ಬಣ್ಣ ನೋಡಿದರೆ, ಆ ಬಟ್ಟೆ ಅಷ್ಟು ಸಲ ನೀರಿಗೆ ಇಳಿದು ಹತ್ತಿದೆ ಎಂದು ಲೆಕ್ಕ ಹಾಕಬಹುದು.

ಮೇಣ ಹಾಕಲು ಎರಡು ದಾರಿ. ಒಂದು ಚಾಂಟಿಂಗ್. ಮರದ ಹಿಡಿ, ತುದಿಯಲ್ಲಿ ಪುಟ್ಟ ತಾಮ್ರದ ಬಟ್ಟಲು, ಅದಕ್ಕೊಂದು ಸೂಕ್ಷ್ಮ ಮೂತಿ. ಹೆಂಗಸರು ಗಿಡ್ಡ ಸ್ಟೂಲಿನ ಮೇಲೆ ಕೂತು, ಚೌಕಟ್ಟಿಗೆ ಇಳಿಬಿಟ್ಟ ಬಟ್ಟೆಯ ಕೆಳಗೆ ಎಡಗೈ ಕೊಟ್ಟು, ಬಲಗೈಯಲ್ಲಿ ಗೆರೆ ಎಳೆಯುತ್ತಾರೆ. ಪಕ್ಕದಲ್ಲಿ ಸಣ್ಣ ಒಲೆ, ಒಲೆಯ ಮೇಲೆ ಮೇಣದ ಬಾಣಲೆ. ಮೂತಿ ಕಟ್ಟಿಕೊಂಡರೆ ಬಾಯಿಂದ ಊದಿ ಬಿಡಿಸುತ್ತಾರೆ. ಒಳ್ಳೆಯ ಕೆಲಸವಾದರೆ ಬಟ್ಟೆಯ ಹಿಂಬದಿಯಲ್ಲೂ ಅದೇ ಗೆರೆಯ ಮೇಲೆ ಇನ್ನೊಮ್ಮೆ ಮೇಣ ಎಳೆಯಬೇಕು. ಒಂದು ಬಟ್ಟೆಗೆ ವಾರಗಟ್ಟಲೆ ಹಿಡಿಯುತ್ತದೆ, ತೀರಾ ಸೂಕ್ಷ್ಮ ಚಿತ್ರವಾದರೆ ತಿಂಗಳುಗಟ್ಟಲೆ.

ಇನ್ನೊಂದು ಚಾಪ್. ತಾಮ್ರದ ಪಟ್ಟಿಗಳನ್ನು ಬಗ್ಗಿಸಿ ಕೂಡಿಸಿ ಮಾಡಿದ ಅಚ್ಚು. ಇದು ಹತ್ತೊಂಬತ್ತನೇ ಶತಮಾನದ ನಡುವೆ ಬಳಕೆಗೆ ಬಂತು. ಹೆಚ್ಚಾಗಿ ಗಂಡಸರ ಕೆಲಸ. ಬಿಸಿ ಮೇಣದ ತಟ್ಟೆಗೆ ಅಚ್ಚು ಒತ್ತಿ, ಕೊಡವಿ, ಮೇಜಿನ ಮೇಲಿನ ಬಟ್ಟೆಗೆ ಊರುತ್ತಾರೆ. ನಮ್ಮ ಅಂಗಿಗಳೆಲ್ಲ ಹೆಚ್ಚಿನಂಶ ಚಾಪ್‌ನವು. ಇದು ಸುಲಭ ಎಂದುಕೊಳ್ಳಬೇಡಿ. ಮೇಣ ಜಾಸ್ತಿ ಬಿಸಿಯಾದರೆ ಗೆರೆ ಹರಡುತ್ತದೆ. ಕಡಿಮೆಯಾದರೆ ಬಟ್ಟೆಯ ಒಳಗೆ ಇಳಿಯುವುದೇ ಇಲ್ಲ, ಮೇಲೆಯೇ ಕೂರುತ್ತದೆ. ಒಂದು ಅಚ್ಚಿನ ಅಂಚಿಗೆ ಇನ್ನೊಂದು ಕೂಡಬೇಕು. ನಾನು ನೋಡಿದಾಗ ಪೆನ್ಸಿಲ್ ಗುರುತೂ ಇಲ್ಲ, ಸ್ಕೇಲೂ ಇಲ್ಲ. ಪಕ್ಕದವರೊಡನೆ ಫುಟ್‌ಬಾಲ್ ಬಗ್ಗೆ ವಾದ ಮಾಡುತ್ತಲೇ ಅವರು ಅಂಚು ಕೂಡಿಸುತ್ತಿದ್ದರು.

ಮೇಣ ಅಂದರೆ ಜೇನು ಮೇಣ ಮಾತ್ರ ಅಲ್ಲ. ಪ್ಯಾರಾಫಿನ್, ಪೈನ್ ಮರದ ರಾಳ, ಡಾಮರ್ ಎಂಬ ಇನ್ನೊಂದು ಮರದ ಅಂಟು ಎಲ್ಲ ಸೇರುತ್ತವೆ. ಕೆಲವರು ಪ್ರಾಣಿಯ ಕೊಬ್ಬನ್ನೂ ಹಾಕುತ್ತಾರೆ. ಉಡುಪಿಯಲ್ಲಿ ಅಂಗಿ ಮಾರುವವಳಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ನಾವು ಕೊಬ್ಬು ಇಲ್ಲದ ಮಿಶ್ರಣ ಕೇಳಿದೆವು. ಅವರು ಕೊಟ್ಟರು. ಇದು ಫೋನಿನಲ್ಲಿ ಕೇಳಿ ತಿಳಿಯುವ ಸಂಗತಿ ಅಲ್ಲ. ಕೇಳಬೇಕು ಎಂದು ಗೊತ್ತಾಗಲಿಕ್ಕೇ ಬಾಣಲೆಯ ಪಕ್ಕ ನಿಲ್ಲಬೇಕಿತ್ತು.

ವಿದ್ಯಾರ್ಥಿಗಳಿಗೆ ಒಂದು ಮಾತು. ಪೆಕಲೋಂಗನ್‌ನಲ್ಲಿ ಜ್ಲಾಂಪ್ರಾಂಗ್ ಎಂಬ ಹಳೆಯ ವಿನ್ಯಾಸ ಉಂಟು. ಹೂವಿನ ಹಾಗೆ ಕಾಣುವ ಚೌಕ, ವೃತ್ತ, ಚುಕ್ಕಿಗಳು. ಅದರ ಮೂಲ ಗುಜರಾತಿನ ಪಟೋಲಾ ಎಂಬ ರೇಷ್ಮೆ ಬಟ್ಟೆ. ಡಚ್ಚರು ಸಾಂಬಾರ ಪದಾರ್ಥ ಕೊಳ್ಳಲು ಪಟೋಲಾ ಬಟ್ಟೆಗಳನ್ನು ಅಲ್ಲಿಗೆ ಒಯ್ಯುತ್ತಿದ್ದರು. ಸಾಮಾನ್ಯ ಜನರಿಗೆ ಪಟೋಲಾ ಎಟಕುತ್ತಿರಲಿಲ್ಲ. ಜಾವಾದವರು ಆ ಚಿತ್ರವನ್ನು ಮೇಣದಲ್ಲಿ ಇಳಿಸಿದರು. ನಮ್ಮ ದೇಶದಿಂದ ಹೋದದ್ದು ಈಗ ಅಂಗಿಯಾಗಿ ವಾಪಸ್ ಬರುತ್ತಿದೆ ಎಂದು ನಾನು ಗಿರಾಕಿಗಳಿಗೆ ಹೇಳುವುದುಂಟು. ಅವರಿಗೆ ಖುಷಿ, ನನಗೆ ವ್ಯಾಪಾರ.

ಇನ್ನು ಮಂಗಳೂರಿನ ಅಂಗಡಿಗಳಲ್ಲಿ 'ಬಾಟಿಕ್ ಪ್ರಿಂಟ್' ಎಂದು ಸಿಗುವುದು ಬೇರೆ. ಅದರಲ್ಲಿ ಮೇಣವೇ ಇಲ್ಲ, ಮೆಷಿನ್‌ನಲ್ಲಿ ಅಚ್ಚಾದ ಬಟ್ಟೆ. ತಿರುಗಿಸಿ ನೋಡಿ. ಹಿಂಬದಿ ಮಸುಕಾಗಿದ್ದರೆ ಅದು ಪ್ರಿಂಟ್ ಎಂದೇ ತಿಳಿಯಿರಿ. ಇಂಡೋನೇಷ್ಯಾದಲ್ಲಿ 'ಬಾಟಿಕ್ ಮಾರ್ಕ್' ಎಂಬ ಚೀಟಿ ಉಂಟು. ಕೈಯಲ್ಲಿ ಬರೆದದ್ದಕ್ಕೆ ಚಿನ್ನದ ಬಣ್ಣದ ಅಕ್ಷರ, ಅಚ್ಚಿನದ್ದಕ್ಕೆ ಬೆಳ್ಳಿ, ಎರಡೂ ಸೇರಿದ್ದಕ್ಕೆ ಬಿಳಿ.

ಈಗ ದುಡ್ಡಿನ ವಿಷಯ.

ನಾನು ಆರ್ಡರ್ ಕೊಡುವುದು ಒಬ್ಬ ವರ್ಕ್‌ಶಾಪ್ ಯಜಮಾನರಿಗೆ. ಅಲ್ಲಿ ಅವರನ್ನು ಜುರಾಗನ್ ಎನ್ನುತ್ತಾರೆ. ಚಾಪ್ ಒತ್ತುವವರು, ಬಣ್ಣ ಹಾಕುವವರು ಅವರ ಶೆಡ್‌ನಲ್ಲೇ ಕೆಲಸ ಮಾಡುತ್ತಾರೆ. ಅವರನ್ನು ಮೊದಲ ದಿನವೇ ಪರಿಚಯಿಸಿದರು. ಚಹಾ ಆಯಿತು, ನಗು ಆಯಿತು. ಆದರೆ ಕುರ್ತಾಗಳ ಅಂಚಿಗೆ ಚಾಂಟಿಂಗ್‌ನಲ್ಲಿ ಬರೆದ ಬಳ್ಳಿ ಉಂಟಲ್ಲ, ಅದನ್ನು ಬರೆಯುವವರು ಶೆಡ್‌ನಲ್ಲಿ ಯಾರೂ ಕಾಣಲಿಲ್ಲ. ಕೇಳಿದೆ. "ಮನೆಯಲ್ಲಿ ಮಾಡುತ್ತಾರೆ" ಎಂದರು. ಯಾರ ಮನೆ? ಊರ ಹೊರಗೆ, ಸ್ಕೂಟರ್‌ನಲ್ಲಿ ಒಬ್ಬ ಹೋಗಿ ಬಟ್ಟೆ ಕೊಟ್ಟು ಬರುತ್ತಾನೆ, ಆದ ಮೇಲೆ ತರುತ್ತಾನೆ. ಒಂದೊಂದು ತುಂಡಿಗೆ ಇಷ್ಟು ಎಂದು ಕೂಲಿ.

ಇಲ್ಲಿ ಕೂತಿರುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಬೀಡಿ ಕಟ್ಟಿದ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟು ಮಂದಿ! ಎಲೆ, ತಂಬಾಕು ಮನೆಗೆ ತರುವುದು, ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುವುದು, ಅಲ್ಲಿ ಒಂದಷ್ಟನ್ನು ಸರಿ ಇಲ್ಲ ಎಂದು ತೆಗೆದು ಹಾಕುವುದು. ಸಾವಿರಕ್ಕೆ ಇಷ್ಟು ಎಂದು ಲೆಕ್ಕ. ಆದರೂ ಬೀಡಿಯವರಿಗೆ 1966ರಲ್ಲೇ ಒಂದು ಕಾಯ್ದೆ ಬಂದಿತ್ತು. 1976ರ ಕಲ್ಯಾಣ ನಿಧಿ ಕಾಯ್ದೆ ಬಂತು. ಹೋರಾಡಿದ್ದಕ್ಕೆ ಪಿಎಫ್ ಸಿಕ್ಕಿತು. ಮನೆಯಲ್ಲಿ ಕೂತು ಮಾಡಿದ ಕೆಲಸವೂ ಕೆಲಸವೇ ಎಂದು ಕಾನೂನು ಒಪ್ಪಿತು. ಮನೆಯಿಂದ ದುಡಿಯುವವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೇ ಒಡಂಬಡಿಕೆ ಮಾಡಿತು. ಭಾರತವೂ ಅದನ್ನು ಒಪ್ಪಿ ಸೇರಿಲ್ಲ, ಇಂಡೋನೇಷ್ಯಾವೂ ಸೇರಿಲ್ಲ.

ಆ ಮನೆಗಳಿಗೆ ಹೋಗಬೇಕು ಎಂದೆ. ಯಜಮಾನರಿಗೆ ಅಷ್ಟೇನೂ ಇಷ್ಟವಾಗಲಿಲ್ಲ. ನಾನು ನೇರವಾಗಿ ಅವರಿಗೇ ಆರ್ಡರ್ ಕೊಟ್ಟುಬಿಡುತ್ತೇನೆ ಎಂಬ ಹೆದರಿಕೆ ಇದ್ದೀತು. ನ್ಯಾಯವಾದ ಹೆದರಿಕೆಯೇ. ಕೊನೆಗೆ ಅವರ ಹೆಂಡತಿಯೇ ಕರೆದುಕೊಂಡು ಹೋದರು. ಹಿರಿಯ ಹೆಂಗಸರನ್ನು ಅಲ್ಲಿ 'ಬು' ಎಂದು ಕರೆಯುತ್ತಾರೆ. ನಾವು ಹೋದ ಮನೆಯ ಬು ಜಗಲಿಯಲ್ಲಿ ಕೂತು ನಮ್ಮದೇ ಕುರ್ತಾದ ಬಳ್ಳಿ ಬರೆಯುತ್ತಿದ್ದರು. ಸೀಮೆಎಣ್ಣೆ ಒಲೆ. ಪಕ್ಕದಲ್ಲಿ ಮೊಮ್ಮಗು. ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಈ ಬಳ್ಳಿಯಲ್ಲಿ ಇಷ್ಟು ಚುಕ್ಕಿ ಬೇಕೇ ಬೇಕಾ?" ಚುಕ್ಕಿ ಇಟ್ಟದ್ದು ಮಂಗಳೂರಿನ ನಮ್ಮ ಡಿಸೈನರ್. ಕಂಪ್ಯೂಟರ್‌ನಲ್ಲಿ ಒಂದು ಚುಕ್ಕಿ ಇಟ್ಟು ಕಾಪಿ ಹೊಡೆದರೆ ಸಾವಿರ ಚುಕ್ಕಿ. ಅಲ್ಲಿ ಪ್ರತಿ ಚುಕ್ಕಿಗೂ ಒಮ್ಮೆ ಚಾಂಟಿಂಗ್ ತಾಗಿಸಬೇಕು. ಕೂಲಿ ಮಾತ್ರ ತುಂಡಿನ ಲೆಕ್ಕದಲ್ಲಿ. ಚುಕ್ಕಿ ಹೆಚ್ಚಾದರೂ ಅಷ್ಟೇ, ಕಡಿಮೆಯಾದರೂ ಅಷ್ಟೇ. ಅಲ್ಲೇ ಕೂತು ಅರ್ಧದಷ್ಟು ಚುಕ್ಕಿ ತೆಗೆದು ಹಾಕಿದೆವು. ಉಳಿದ ವಿನ್ಯಾಸಗಳಿಗೆ ಕೂಲಿಯನ್ನು ತುಂಡಿನಿಂದ ದಿನಕ್ಕೆ ಬದಲಾಯಿಸಿ, ಒಂದು ತುಂಡಿಗೆ ಎಷ್ಟು ದಿನ ಎಂದು ಅವರೇ ಹೇಳುವ ಹಾಗೆ ಮಾಡಿಕೊಂಡೆವು. ಡಿಸೈನ್ ಓದುವವರು ಇದನ್ನು ಸ್ವಲ್ಪ ಯೋಚಿಸಿ. ನಿಮ್ಮ ಒಂದು ಕ್ಲಿಕ್ ಯಾರದೋ ಅರ್ಧ ದಿನ.

ಇನ್ನು ಮಳೆ. ನಮ್ಮಲ್ಲಿ ಕಾಟನ್ ಅಂಗಿಗೆ ಗಿರಾಕಿ ಇರುವುದು ಬೇಸಿಗೆಯಲ್ಲಿ. ಯುಗಾದಿ, ತುಳುವರ ಹೊಸ ವರ್ಷ ಬಿಸು, ಮದುವೆಗಳು, ರಜೆಗೆ ಊರಿಗೆ ಬರುವ ಬೊಂಬಾಯಿ ನೆಂಟರು. ಆ ಮಾಲು ಮಾರ್ಚ್‌ನಲ್ಲಿ ಅಂಗಡಿಯಲ್ಲಿ ಇರಬೇಕು. ಹಾಗಾದರೆ ಕೆಲಸ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ನಡೆಯಬೇಕು. ಜಾವಾದಲ್ಲಿ ಜೋರು ಮಳೆ ಇರುವುದು ಅದೇ ತಿಂಗಳುಗಳಲ್ಲಿ. ನಮ್ಮದಕ್ಕೆ ಸರೀ ಉಲ್ಟಾ. ಇಲ್ಲಿ ಆಟಿ ತಿಂಗಳ ಮಳೆ ಹೊಯ್ಯುವಾಗ ಅಲ್ಲಿ ಒಳ್ಳೆ ಬಿಸಿಲು.

ಮಳೆ ಬಂದರೆ ಏನಾಗುತ್ತದೆ? ಮೇಣ ಹಾಕಿದ ಬಟ್ಟೆಯನ್ನು ಬೆಂಕಿಯ ಹತ್ತಿರ ಇಟ್ಟು ಒಣಗಿಸಲು ಆಗುವುದಿಲ್ಲ, ಮೇಣ ಕರಗುತ್ತದೆ. ಗಾಳಿಯಲ್ಲೇ ಒಣಗಬೇಕು. ಇಂಡಿಗೋಸೋಲ್ ಎಂಬ ಬಣ್ಣಕ್ಕಂತೂ ಬಿಸಿಲೇ ಬೇಕು. ಬಿಸಿಲು ತಾಗಿದ ಮೇಲೆಯೇ ಅದರ ನಿಜವಾದ ಬಣ್ಣ ಮೇಲೆ ಬರುವುದು. ಮೋಡ ಇದ್ದರೆ ಶೆಡ್‌ನಲ್ಲಿ ಎಲ್ಲರೂ ಸುಮ್ನೆ ಕೂತಿರುತ್ತಾರೆ. ತುಂಡಿನ ಲೆಕ್ಕದವರಿಗೆ ಸುಮ್ನೆ ಕೂತ ದಿನ ಕೂಲಿ ಇಲ್ಲ. ನಾನಿಲ್ಲಿ "ಫೆಬ್ರವರಿ 20ಕ್ಕೆ ಬೇಕೇ ಬೇಕು" ಎಂದು ಮೆಸೇಜ್ ಹಾಕಿದರೆ, ಮೋಡ ಬಿಟ್ಟ ದಿನ ರಾತ್ರಿಯವರೆಗೆ ಕೆಲಸ.

ಇದರ ಮೇಲೆ ಹಬ್ಬ. ಈದ್‌ಗೆ ಅಲ್ಲಿ ಲೆಬರಾನ್ ಎನ್ನುತ್ತಾರೆ. ಊರಿಗೆ ಊರೇ ಖಾಲಿಯಾಗಿ ಜನ ತಂತಮ್ಮ ಹಳ್ಳಿಗೆ ಹೊರಡುತ್ತಾರೆ. 2025ರಲ್ಲಿ ಲೆಬರಾನ್ ಮಾರ್ಚ್ ಕೊನೆಗೆ ಬಂತು. ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ. ಹಬ್ಬಕ್ಕೆ ಮುಂಚೆ ಇಂಡೋನೇಷ್ಯಾದವರೇ ಹೊಸ ಬಾಟಿಕ್ ಕೊಳ್ಳುವುದರಿಂದ ವರ್ಕ್‌ಶಾಪ್‌ಗೆ ಅದು ತುಂಬಿದ ಕಾಲ. ಮಳೆ, ಹಬ್ಬದ ಗಡಿಬಿಡಿ, ನಮ್ಮ ಬಿಸು, ಮೂರೂ ಒಂದೇ ಕಡೆ ಬಂದು ಬೀಳುತ್ತಿದ್ದವು. ಅಲ್ಲಿನ ಕಾನೂನಿನ ಪ್ರಕಾರ ಹಬ್ಬಕ್ಕೆ ಒಂದು ವಾರ ಇರುವಾಗಲೇ ಬೋನಸ್ ಕೊಡಬೇಕು. ವರ್ಷ ತುಂಬಿದ ಕೆಲಸಗಾರನಿಗೆ ಒಂದು ತಿಂಗಳ ಸಂಬಳ. ಶೆಡ್‌ನವರಿಗೆ ಸಿಗುತ್ತದೆ. ಜಗಲಿಯಲ್ಲಿ ಕೂತ ಬು ಯಾವ ಪಟ್ಟಿಯಲ್ಲೂ ಇಲ್ಲ.

ನಾವು ಮಾಡಿದ್ದು ದೊಡ್ಡ ಕ್ರಾಂತಿ ಏನಲ್ಲ. ಬೇಸಿಗೆಯ ಮಾಲಿನ ಆರ್ಡರನ್ನು ಹಿಂದಿನ ಜೂನ್‌ಗೆ ತಂದೆವು. ಅಲ್ಲಿ ಬಿಸಿಲು, ಹಬ್ಬದ ಗಲಾಟೆ ಮುಗಿದಿರುತ್ತದೆ, ಬೇರೆಯವರ ಕೆಲಸ ಕಡಿಮೆ. ಮಾಲು ಸೆಪ್ಟೆಂಬರ್‌ಗೆ ಬಂದು ಮಂಗಳೂರಿನಲ್ಲಿ ಆರು ತಿಂಗಳು ಕೂರುತ್ತದೆ. ಅಷ್ಟು ದಿನ ನಮ್ಮ ದುಡ್ಡು ಕಟ್ಟಿಹಾಕಿದ ಹಾಗೆ. ಬ್ಯಾಂಕ್ ಬಡ್ಡಿ ನಮ್ಮದು. ಮೊದಲು ಆ ಕಾಯುವಿಕೆಯನ್ನು ಜಗಲಿಯ ಹೆಂಗಸರು ಪುಕ್ಕಟೆ ಹೊರುತ್ತಿದ್ದರು, ಈಗ ನಾನು ಬಡ್ಡಿ ಕೊಟ್ಟು ಹೊರುತ್ತೇನೆ. ಮಂಗಳೂರಿನ ತೇವಕ್ಕೆ ಬಟ್ಟೆ ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು ಇನ್ನೊಂದು ತಲೆಬಿಸಿ. ಅದು ಬೇರೆ ಕಥೆ.

ಮುಂಗಡದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಿಳಿ ಬಟ್ಟೆ, ಮೇಣ, ಬಣ್ಣ ಎಲ್ಲ ಯಜಮಾನರು ಅಂಗಡಿಯಿಂದ ಸಾಲದಲ್ಲಿ ತರುತ್ತಾರೆ. ಸಾಮಾನಿನ ಪೂರ್ತಿ ಖರ್ಚನ್ನು ಮುಂಗಡವಾಗಿ ಕೊಡದವನು ಸಾಲದಲ್ಲಿ ಅಂಗಿ ಕೊಳ್ಳುತ್ತಿದ್ದಾನೆ, ಅಷ್ಟೇ.

ರಿಜೆಕ್ಟ್ ಆದ ಮಾಲಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಟೈಲರ್ ಅಣ್ಣಂದಿರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಚಾಪ್ ಎತ್ತುವಾಗ ಒಂದು ತೊಟ್ಟು ಮೇಣ ಬೀಳುತ್ತದೆ. ಅಲ್ಲಿ ಒಂದು ಬಿಳಿ ಚುಕ್ಕೆ ಉಳಿಯುತ್ತದೆ. ಅದು ದೋಷವಾ, ಕೈಕೆಲಸದ ಗುರುತಾ? ಮಾರುವಾಗ ನಾವು ಗಿರಾಕಿಗೆ "ಕೈಕೆಲಸ, ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ" ಎಂದು ಚೆಂದ ಮಾಡಿ ಹೇಳುತ್ತೇವೆ. ಅದೇ ಚುಕ್ಕೆಯನ್ನು ತೋರಿಸಿ ಕೊಳ್ಳುವಾಗ ದುಡ್ಡು ಕಡಿಯುವುದು ಈ ವ್ಯಾಪಾರದಲ್ಲಿ ಮಾಮೂಲು. ಎರಡೂ ಒಟ್ಟಿಗೆ ಆಗುವುದಿಲ್ಲ. ನಾವು ಒಂದು ದಿನ ಶೆಡ್‌ನ ನೆಲದ ಮೇಲೆ ಬಟ್ಟೆಗಳನ್ನೆಲ್ಲ ಹರಡಿ, ಚಾಪ್ ಒತ್ತುವವರು, ಹೊಲಿಯುವವರು, ನಾನು ಒಟ್ಟಿಗೆ ಕೂತು ವಿಂಗಡಿಸಿದೆವು. ಚಾಪ್‌ನವರು ನನಗಿಂತ ಕಟ್ಟುನಿಟ್ಟು! ನಾನು ಪರವಾಗಿಲ್ಲ ಎಂದ ತುಂಡನ್ನು ಅವರಲ್ಲಿ ಹಿರಿಯರು ಎಳೆದು ಆಚೆ ಹಾಕಿದರು. ಅಂಚು ಕೂಡಿಲ್ಲ ಎಂದು ಅವರಿಗೇ ನಾಚಿಕೆ. ಹೊಲಿಯುವಾಕೆ ಇನ್ನೊಂದು ದಾರಿ ತೋರಿಸಿದರು. ಕಲೆ ಇರುವ ಜಾಗವನ್ನು ಕಾಲರ್ ಪಟ್ಟಿಯ ಒಳಗೆ, ಜೇಬಿನ ಹಿಂದೆ ಬರುವ ಹಾಗೆ ಕತ್ತರಿಸುವುದು. ಆ ದಿನ ದೋಷ ಎಂದು ಒಪ್ಪಿಕೊಂಡ ತುಂಡುಗಳ ಮಾದರಿ ಈಗಲೂ ಆ ಶೆಡ್‌ನಲ್ಲೂ ಉಂಟು, ನಮ್ಮ ಅಂಗಡಿಯಲ್ಲೂ ಉಂಟು. ಜಗಳ ಬಂದರೆ ಎರಡೂ ಕಡೆ ಅದನ್ನೇ ತೆಗೆದು ನೋಡುತ್ತೇವೆ.

ಅಲ್ಲಿ ಎಲ್ಲ ಸರಿ ಇದೆ ಎಂದು ಹೇಳಲು ನಾನು ಬಂದಿಲ್ಲ. ಪೆಕಲೋಂಗನ್‌ನ ಹೊಳೆಗಳಲ್ಲಿ ಬಣ್ಣದ ನೀರು ಹರಿಯುತ್ತದೆ. ಕೆಲವು ಕೇರಿಗಳಲ್ಲಿ ಸಾಮೂಹಿಕ ಶುದ್ಧೀಕರಣ ಘಟಕ ಇದ್ದರೂ ಎಲ್ಲರ ನೀರೂ ಅಲ್ಲಿಗೆ ಹೋಗುವುದಿಲ್ಲ. ಅಂತರ್ಜಲ ಎಳೆದೂ ಎಳೆದೂ ನೆಲ ಕುಸಿಯುತ್ತಿದೆ. ಸಮುದ್ರದ ಉಬ್ಬರದ ನೀರು ಮನೆಯೊಳಗೆ ಬರುತ್ತದೆ. ಬಾಗಿಲಿನ ಎತ್ತರ ಅಷ್ಟೇ ಇರುವಾಗ ಒಳಗಿನ ನೆಲವನ್ನು ಮಾತ್ರ ಏರಿಸಿ ಏರಿಸಿ, ತಲೆ ಬಗ್ಗಿಸಿ ಒಳಹೋಗುವ ಮನೆಗಳನ್ನು ನೋಡಿದೆ. ಉಳ್ಳಾಲದ ಕಡಲು ಕೊರೆತ ನೋಡಿದವರಿಗೆ ಸಮುದ್ರ ಮನೆಗೆ ಬರುವುದು ಹೊಸತಲ್ಲ. ನಮ್ಮ ಬಣ್ಣದ ನೀರು ಎಲ್ಲಿ ಹೋಗುತ್ತದೆ ಎಂದು ಕೇಳಿ, ಪೈಪಿನ ಹಿಂದೆ ನಡೆದು ನೋಡಿ ಬಂದೆ. ಘಟಕಕ್ಕೇ ಹೋಗುತ್ತದೆ. ಪಕ್ಕದ ಶೆಡ್‌ನದ್ದು ಹೋಗುವುದಿಲ್ಲ.

ಸಣ್ಣ ಬ್ರಾಂಡ್ ಅಂದ ಮಾತ್ರಕ್ಕೆ ಒಳ್ಳೆಯದು ಎಂದು ನಂಬುವವರಲ್ಲಿ ನಾನಿಲ್ಲ. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆದರೂ ಗಾರ್ಮೆಂಟ್ಸ್‌ನವರನ್ನು ಕೆಲಸಕ್ಕೆ ಒಳಗೆ ಕಳಿಸಿದರು. ಅಲ್ಲಿನ ಬ್ರಾಂಡ್‌ಗಳು ದೊಡ್ಡವು ಎಂದು ನಾವು ಬೀಗುವ ಹಾಗಿಲ್ಲ. ದೊಡ್ಡ ಫ್ಯಾಕ್ಟರಿಗೆ ಇನ್‌ಸ್ಪೆಕ್ಟರ್ ಆದರೂ ಬಂದಾನು, ಜಗಲಿಗೆ ಯಾರು ಬರುತ್ತಾರೆ?

ನಮ್ಮ ಊರಿನ ಇನ್ನೊಂದು ನೆನಪು. 1850ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ನಡೆಸುತ್ತಿದ್ದರು. ಖಾಕಿ ಬಣ್ಣ ಅಲ್ಲೇ, ಮಿಷನ್‌ನ ಜಾನ್ ಹಾಲರ್ ಕೈಯಲ್ಲಿ ತಯಾರಾಯಿತು ಎಂದು ಹೇಳುತ್ತಾರೆ. ಮಗ್ಗ ಇಲ್ಲಿ, ನೇಯುವ ಕೈ ನಮ್ಮವರದ್ದು, ತೀರ್ಮಾನ ಮಾಡುವ ಸಮಿತಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅವರಿಗೆ ನಾವು ಹೊರದೇಶದ ಕೆಲಸಗಾರರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಆ ಫ್ಯಾಕ್ಟರಿಗಳನ್ನು ವಶಪಡಿಸಿಕೊಂಡರು, ಮಾಲೀಕರು ಬದಲಾದರು. ನೇಕಾರರನ್ನು ಯಾರೂ ಕೇಳಲಿಲ್ಲ.

ಪ್ರಶ್ನೆಗಳು ತುಂಬಾ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ. ವಿದ್ಯಾರ್ಥಿನಿಯೊಬ್ಬಳು, "ಅಕ್ಕ, ಹೀಗೆಲ್ಲ ಮಾಡಿದರೆ ಅಂಗಿಯ ರೇಟು ಜಾಸ್ತಿ ಆಗುವುದಿಲ್ಲವಾ?" ಎಂದು ಕೇಳಿದಳು. ಆಗುತ್ತದೆ. ನಮ್ಮ ಅಂಗಿ ಎಲ್ಲರಿಗೂ ಕೈಗೆಟಕುವುದಿಲ್ಲ. ಅದಕ್ಕೆ ನಾವು ಬಗೆಗಳನ್ನು ಕಡಿಮೆ ಮಾಡಿದೆವು, ಫೋಟೋ ಶೂಟ್ ಬಿಟ್ಟೆವು, ವರ್ಷದ ಕೊನೆಯ ಡಿಸ್ಕೌಂಟ್ ಸೇಲ್ ನಿಲ್ಲಿಸಿದೆವು. ಕೆಲವು ಗಿರಾಕಿಗಳು ಹೋದರು. ಕೂಲಿಯಲ್ಲಿ ಉಳಿಸುವುದಕ್ಕಿಂತ ಇದು ವಾಸಿ ಎಂದು ನನ್ನ ಲೆಕ್ಕ.

ಎರಡನೆಯದು ಹಿಂದಿನ ಸಾಲಿನಿಂದ ಬಂತು. ಕಿನ್ನಿಗೋಳಿ ಕಡೆಯ ಹಿರಿಯ ನೇಕಾರರೊಬ್ಬರು ಎದ್ದು ನಿಂತು, "ಅಷ್ಟು ದೂರ ಯಾಕೆ ಹೋಗುವುದು ಮಗಳೇ, ನಮ್ಮ ಮಗ್ಗ ಇಲ್ಲೇ ಉಂಟಲ್ಲ?" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಮೇಣದ ಕೆಲಸ ಇಲ್ಲಿ ಆಗುವುದಿಲ್ಲ, ಆ ವಿದ್ಯೆ ಜಾವಾದವರದ್ದು. ಆದರೆ ಬರೀ ಬಾಟಿಕ್ ಅಂಗಿಯನ್ನೇ ಮಾರಬೇಕು ಎಂದು ನನಗೂ ಹಟ ಇಲ್ಲ. ಉಡುಪಿ ಸೀರೆಗೆ 2016ರಲ್ಲಿ ಜಿಐ, ಅಂದರೆ ಆ ಊರಿನದ್ದೇ ಎಂಬ ಭೌಗೋಳಿಕ ಗುರುತು ಸಿಕ್ಕಿತು. ತಾಳಿಪಾಡಿ ನೇಕಾರರ ಸಂಘದಂಥವರು ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಸೀರೆಯ ಮಗ್ಗದಲ್ಲಿ ಅಂಗಿಯ ಬಟ್ಟೆ ನೇಯಬಹುದಾ ಎಂದು ನಾನೇ ಆ ಹಿರಿಯರನ್ನು ಕೇಳಿದೆ. ಆಗುತ್ತದೆ, ನೂಲು ಸ್ವಲ್ಪ ದಪ್ಪ ಬೇಕು ಎಂದರು. "ಆದರೆ ಮಳೆಗಾಲದಲ್ಲಿ ಕೇಳಬೇಡಿ. ಬಣ್ಣ ಹಾಕಿದ ನೂಲು ಒಣಗುವುದಿಲ್ಲ, ಗಂಜಿ ಹಾಕಿದ ಹಾಸು ಹಸಿ ಹಸಿ ಇರುತ್ತದೆ."

ಹಾಗಾದರೆ ಸರಿಯಾಯಿತಲ್ಲ. ಜೂನ್‌ನಿಂದ ಸೆಪ್ಟೆಂಬರ್ ಜಾವಾದವರಿಗೆ ಆರ್ಡರ್, ನವೆಂಬರ್‌ನಿಂದ ಮಾರ್ಚ್ ಇಲ್ಲಿನ ನೇಕಾರರಿಗೆ. ನೂಲಿನ ದುಡ್ಡು ಪೂರ್ತಿ ಮುಂಗಡ, ಕೂಲಿ ದಿನದ ಲೆಕ್ಕದಲ್ಲಿ. ಒಂದು ಮಗ್ಗದಲ್ಲಿ ದಿನಕ್ಕೆ ಎಷ್ಟು ಮೀಟರ್ ಆಗುತ್ತದೆ, ಎಷ್ಟು ಜನ ಸಿಗುತ್ತಾರೆ ಎಂದು ಉಳಿದ ನೇಕಾರರನ್ನು ವಿಚಾರಿಸಿ ಹೇಳುತ್ತೇನೆ ಎಂದು ಆ ಹಿರಿಯರು ನನ್ನ ನಂಬರ್ ತೆಗೆದುಕೊಂಡು ಹೋಗಿದ್ದಾರೆ.